ಮೊದ್ಲು ಜಾಗ, ಆಮೇಲೆ ಬೋಟ್: ಬೇ ಏರಿಯಾದಲ್ಲಿ ಮರೀನಾ ಸ್ಲಿಪ್ ಹುಡುಕೋ ಬಗ್ಗೆ ನಂಗೆ ಗೊತ್ತಿರೋದಷ್ಟೂ

ಕ್ಯಾಲಿಫೋರ್ನಿಯಾ ಬೇ ಏರಿಯಾದಲ್ಲಿರೋ ನಮ್ಮ ಕನ್ನಡದವ್ರಲ್ಲಿ ಈಚೆಗೆ ಬೋಟ್ ಆಸೆ ಜಾಸ್ತಿಯಾಗಿದೆ. ಎರಡು ತಿಂಗಳಿಗೊಬ್ರಾದ್ರೂ ಮೆಸೇಜ್ ಹಾಕ್ತಾರೆ, "ಹಳೇ ಸೇಲ್‌ಬೋಟ್ ಒಂದು ನಾಲ್ಕು ಸಾವಿರ ಡಾಲರ್‌ಗೆ ಬರ್ತಿದೆ, ಎಂಜಿನ್ ಚೆನ್ನಾಗಿದ್ಯಂತೆ, ತಗೊಳ್ಲಾ?" ಅಂತ. ನಾನು ಕೇಳೋ ಪ್ರಶ್ನೆ ಒಂದೇ, ಎಲ್ಲಿ ಕಟ್ತೀರಿ? ಹೆಚ್ಚಿನವ್ರ ಹತ್ರ ಉತ್ತರ ಇರಲ್ಲ. 2021ರಲ್ಲಿ ನನ್ನ ಹತ್ರಾನೂ ಇರ್ಲಿಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಗೊತ್ತಿಲ್ದೋರಿಗೆ ಒಂದು ಮಾತು. ಮರೀನಾ ಅಂದ್ರೆ ನೀರಿನ ಮೇಲೆ ತೇಲೋ ಕಟ್ಟೆಗಳನ್ನ, ಅಂದ್ರೆ ಡಾಕ್‌ಗಳನ್ನ, ಸಾಲಾಗಿ ಹಾಕಿ ಬೋಟ್ ನಿಲ್ಸೋಕೆ ಮಾಡಿರೋ ಜಾಗ, ಅದರಲ್ಲಿ ಒಂದು ಬೋಟ್ ಒಳಗೆ ಬಂದು ನಿಲ್ಲೋವಷ್ಟು ಜಾಗಕ್ಕೆ ಸ್ಲಿಪ್ ಅಂತಾರೆ. ನಾನು ಕುಂದಾಪುರದ ಕಡೆಯವ್ನು, ಗಂಗೊಳ್ಳಿ ದಕ್ಕೆ ನೋಡ್ಕೊಂಡೇ ಬೆಳೆದೋನು. ಅಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರೋವಾಗ ಎಲ್ಲಾ ಬೋಟು ಒಳಗೆ ಬಂದು, ಜಾಗ ಸಾಲ್ದೆ ಒಂದರ ಮಗ್ಗುಲಿಗೆ ಒಂದು, ಅದರ ಮಗ್ಗುಲಿಗೆ ಇನ್ನೊಂದು ಅಂತ ಹಗ್ಗ ಬಿಗಿದು ನಿಂತಿರ್ತಾವೆ, ಕೊನೇ ಬೋಟಿಗೆ ಹೋಗ್ಬೇಕಾದ್ರೆ ಮಧ್ಯದ ನಾಲ್ಕು ಬೋಟು ದಾಟ್ಕೊಂಡು ಹೋಗ್ಬೇಕು. ಅಂದ್ರೆ ಅಲ್ಲಿ ಹೇಗೋ ಹೊಂದಿಸ್ಕೊಂಡು ಜಾಗ ಮಾಡ್ತಾರೆ. ಇಲ್ಲಿ ಹಂಗಿಲ್ಲ. ಒಂದು ಸ್ಲಿಪ್ಪು, ಒಂದು ಬೋಟು, ಒಂದು ಅಗ್ರಿಮೆಂಟು. ಖಾಲಿ ಇಲ್ಲ ಅಂದ್ರೆ ಇಲ್ಲ.

ನಂಗೆ ಆಗಿದ್ದು ಏನು ಅಂದ್ರೆ, ಅಲಮೀಡಾದಲ್ಲಿ ಕ್ಯಾಟಲೀನಾ 27 ಅನ್ನೋ ಒಂದು ಹಳೇ ಸೇಲ್‌ಬೋಟ್ ತಗೊಂಡೆ. ಮಾರಿದೋರು ವಯಸ್ಸಾದೋರು, ಒಳ್ಳೆ ಮನುಷ್ಯ, ಬೋಟ್‌ನ ಮಗು ಥರ ನೋಡ್ಕೊಂಡಿದ್ರು. ಬೋಟ್ ಜೊತೆ ಅದು ನಿಂತಿರೋ ಜಾಗಾನೂ ಬರತ್ತೆ ಅಂತ ನಾನೇ ಅಂದ್ಕೊಂಡಿದ್ದೆ, ಅವ್ರು ಹಂಗಂತ ಹೇಳೂ ಇರ್ಲಿಲ್ಲ, ನಾನು ಕೇಳೂ ಇರ್ಲಿಲ್ಲ. ದುಡ್ಡು ಕೊಟ್ಟು ಪೇಪರ್ ಸೈನ್ ಮಾಡಿ ಮರೀನಾ ಆಫೀಸಿಗೆ ಹೋದ್ರೆ, ಸ್ಲಿಪ್ ಅವ್ರ ಹೆಸರಲ್ಲಿತ್ತು, ಬೋಟ್ ಮಾರಿದ ದಿನಾನೇ ಅಗ್ರಿಮೆಂಟ್ ಮುಗೀತು, ನಿಮ್ಗೆ ಬೇಕಂದ್ರೆ ವೇಟ್‌ಲಿಸ್ಟಲ್ಲಿ ಹೆಸರು ಬರ್ಸಿ, ಅಲ್ಲೀವರೆಗೆ 30 ದಿನ ಟೈಮು ಅಂದ್ರು. ಆ ಮೂವತ್ತು ದಿನದಲ್ಲಿ ಹದಿನಾಲ್ಕು ಕಡೆ ಫೋನ್ ಮಾಡಿದೀನಿ. ಕೊನೆಗೆ ಒಳನಾಡಿನ ಡೆಲ್ಟಾ ಅನ್ನೋ ನದಿಗಳ ಪ್ರದೇಶದಲ್ಲಿ ಒಂದು ಸಣ್ಣ ಮರೀನಾದಲ್ಲಿ ಜಾಗ ಸಿಕ್ತು, ಎರಡು ದಿನ ಬೋಟ್ ಓಡಿಸ್ಕೊಂಡು ಹೋಗಿ ಅಲ್ಲಿ ಕಟ್ಟಿದ್ದಾಯ್ತು, ಸನಿವೇಲ್‌ನಿಂದ ಒಂದೂ ಮುಕ್ಕಾಲು ಗಂಟೆ ಡ್ರೈವ್. ಎರಡು ವರ್ಷ ಹಂಗೇ ಹೋಗಿ ಬಂದು ಮಾಡ್ದೆ.

ಜಾಗ ಯಾಕಿಷ್ಟು ಕಮ್ಮಿ ಅನ್ನೋದು ಗೊತ್ತಿದ್ರೆ ಎಲ್ಲಿ ಹುಡುಕ್ಬೇಕು ಅನ್ನೋದೂ ಅರ್ಥ ಆಗತ್ತೆ, ಹಂಗಾಗಿ ಸ್ವಲ್ಪ ಹಿಂದಿಂದ ಹೇಳ್ತೀನಿ.

ಸ್ಯಾನ್ ಫ್ರಾನ್ಸಿಸ್ಕೋ ಬೇ ಅನ್ನೋ ಕೊಲ್ಲಿಗೆ ಮಣ್ಣು ತುಂಬಿಸಿ ತುಂಬಿಸಿ ಚಿಕ್ಕದು ಮಾಡ್ತಿದ್ರು. ಅದನ್ನ ನಿಲ್ಲಿಸ್ಬೇಕು ಅಂತ 1961ರಲ್ಲಿ ಬರ್ಕ್ಲಿಯ ಮೂವರು ಹೆಂಗಸ್ರು, ಕೇ ಕರ್, ಸಿಲ್ವಿಯಾ ಮೆಕ್‌ಲಾಕ್ಲಿನ್, ಎಸ್ತರ್ ಗ್ಯುಲಿಕ್, ಚಳುವಳಿ ಶುರು ಮಾಡಿದ್ರು. 1965ರಲ್ಲಿ ಮೆಕಟೀರ್-ಪೆಟ್ರಿಸ್ ಕಾನೂನು ಬಂತು, ಬಿಸಿಡಿಸಿ ಅನ್ನೋ ಕಮಿಷನ್ ಹುಟ್ಟಿದ್ದು ಅದರಿಂದಾನೇ. ಇವತ್ತು ನೀರಿಗೆ ಒಂದು ಕಂಬ ಇಳಿಸ್ಬೇಕಂದ್ರೂ ಅವ್ರ ಪರ್ಮಿಟ್ ಬೇಕು. ಇದು ತುಂಬಾ ಒಳ್ಳೆ ಕೆಲಸ ಅಂತಾನೇ ನಾನು ನಂಬೋದು, ಇಲ್ದಿದ್ರೆ ಹಾಯಿ ಬಿಚ್ಚೋಕೆ ನೀರೇ ಉಳೀತಿರ್ಲಿಲ್ಲ. ಆದ್ರೆ ಹೊಸ ಮರೀನಾ ಆಗೋದು ಅಪರೂಪ ಆಯ್ತು. ರೆಡ್‌ವುಡ್ ಸಿಟಿಯ ವೆಸ್ಟ್‌ಪಾಯಿಂಟ್ ಹಾರ್ಬರ್ ನೋಡಿ, ಹಳೇ ಉಪ್ಪಿನ ಕೊಳ ಇದ್ದ ಜಾಗದಲ್ಲಿ ಮಾರ್ಕ್ ಸ್ಯಾಂಡರ್ಸ್ ಅನ್ನೋರು ಕಟ್ಟಿಸಿದ್ದು, ಬಿಸಿಡಿಸಿ ಪರ್ಮಿಟ್ ಸಿಕ್ಕಿದ್ದು 2003ರಲ್ಲಿ, ಬೋಟ್‌ಗಳು ಬಂದಿದ್ದು 2008ರಲ್ಲಿ, ಅದಾದ್ಮೇಲೂ ಕಮಿಷನ್ ಜೊತೆ ವರ್ಷಗಟ್ಟಲೆ ಜಗಳ ನಡೀತು.

ಇನ್ನೊಂದು ಕಡೆ ಇರೋ ಜಾಗಾನೂ ಹೋಗ್ತಾ ಬಂತು. ಸೌತ್ ಬೇನಲ್ಲಿ, ಅಂದ್ರೆ ಕೊಲ್ಲಿಯ ದಕ್ಷಿಣ ಭಾಗದಲ್ಲಿ, ಹೂಳು ವಿಪರೀತ. ನಮ್ಮವ್ರು ಹೆಚ್ಚಿರೋ ಸನಿವೇಲ್, ಸಾಂಟಾ ಕ್ಲಾರಾ, ಸ್ಯಾನ್ ಹೋಸೆ ಸುತ್ತಮುತ್ತ ಕೀಲ್ (ತಳದಿಂದ ನೀರೊಳಗೆ ಇಳಿದಿರೋ ಭಾರದ ರೆಕ್ಕೆ) ಇರೋ ಬೋಟ್ ಕಟ್ಟೋ ಮರೀನಾ ಯಾಕಿಲ್ಲ ಅಂತ ಎಷ್ಟೋ ಜನ ಕೇಳ್ತಾರೆ, ಕಾರಣ ಇದೇ. ಆಲ್ವೀಸೋ ಹೂಳು ತುಂಬಿ ಜವುಗು ಹುಲ್ಲಾಯ್ತು, ಪಾಲೋ ಆಲ್ಟೋ ಯಾಟ್ ಹಾರ್ಬರ್‌ನ 1986ರಲ್ಲಿ ಮುಚ್ಚಿದ್ರು. ರೆಡ್‌ವುಡ್ ಸಿಟಿಯ ಪೀಟ್ಸ್ ಹಾರ್ಬರ್ 2013ರ ಆಸುಪಾಸಲ್ಲಿ ಅಪಾರ್ಟ್‌ಮೆಂಟ್ ಕಟ್ಟೋಕೆ ಅಂತ ಖಾಲಿ ಆಯ್ತು. ಹೂಳು ತೆಗಿಸೋ ಖರ್ಚೂ ಕಮ್ಮಿಯಲ್ಲ, ಮೀನು ಓಡಾಡೋ ಕಾಲ ಬಿಟ್ಟು ವರ್ಷದಲ್ಲಿ ಕೆಲವೇ ತಿಂಗಳು ಮಾಡ್ಬೋದು, ತೆಗೆದ ಕೆಸರನ್ನ ಎಲ್ಲಿ ಹಾಕ್ಬೇಕು ಅನ್ನೋದಕ್ಕೂ ಪರ್ಮಿಷನ್ ಬೇಕು. ಆ ಖರ್ಚು ಕೊನೆಗೆ ಬಂದು ಕೂರೋದು ಸ್ಲಿಪ್ ಬಾಡಿಗೆ ಮೇಲೆ.

ಇದರ ಮೇಲೆ ಕೋವಿಡ್ ಬಂತು. 2020ರಲ್ಲಿ ಅಮೆರಿಕದಲ್ಲಿ ಮೂರು ಲಕ್ಷ ಹತ್ತು ಸಾವಿರಕ್ಕೂ ಜಾಸ್ತಿ ಹೊಸ ಪವರ್‌ಬೋಟ್ ಮಾರಾಟ ಆಯ್ತು, 2008ರ ಕುಸಿತ ಆದ್ಮೇಲೆ ಅಷ್ಟು ಮಾರಾಟ ಆಗೇ ಇರ್ಲಿಲ್ಲ. ಬೋಟ್ ಜಾಸ್ತಿ ಆಯ್ತು, ಕಟ್ಟೋ ಜಾಗ ಅಷ್ಟೇ ಉಳೀತು. ದೊಡ್ಡ ಬಂಡವಾಳದ ಕಣ್ಣಿಗೂ ಇದು ಬಿತ್ತು. ಸೇಫ್ ಹಾರ್ಬರ್ ಮರೀನಾಸ್ ಅನ್ನೋ ಕಂಪನಿನ 2020ರಲ್ಲಿ ಸನ್ ಕಮ್ಯುನಿಟೀಸ್‌ನವ್ರು 211 ಕೋಟಿ ಡಾಲರ್‌ಗೆ ಕೊಂಡ್ರು, ಅದನ್ನೇ 2025ರಲ್ಲಿ ಬ್ಲ್ಯಾಕ್‌ಸ್ಟೋನ್‌ಗೆ 565 ಕೋಟಿ ಡಾಲರ್‌ಗೆ ಮಾರಿದ್ರು. ಮಧ್ಯೆ ಇನ್ನಷ್ಟು ಮರೀನಾ ಸೇರಿಸ್ಕೊಂಡಿದ್ರು ಅನ್ನೋದು ನಿಜ, ಆದ್ರೂ ಐದು ವರ್ಷದಲ್ಲಿ ಬೆಲೆ ಎಲ್ಲಿಂದ ಎಲ್ಲಿಗೆ ಹೋಯ್ತು ನೋಡಿ. ಅಷ್ಟು ದುಡ್ಡು ಹಾಕಿದೋರು ಅದನ್ನ ಬಾಡಿಗೆಯಿಂದಾನೇ ವಾಪಸ್ ತೆಗೀಬೇಕಲ್ವಾ.

ಈಗ ಮಾಡೋದೇನು ಅನ್ನೋದಕ್ಕೆ ಬರ್ತೀನಿ.

ಮೊದಲ್ನೇ ಹೆಜ್ಜೆ: ಬೋಟ್ ನೋಡೋಕೆ ಮುಂಚೆ ಫೋನ್ ಮಾಡಿ

ಬೋಟ್ ಜಾಹೀರಾತು ನೋಡೋದನ್ನ ಒಂದು ತಿಂಗಳು ನಿಲ್ಸಿ. ನಿಮ್ಮನೆಯಿಂದ ಒಂದು ಗಂಟೆ ಒಳಗಿರೋ ಮರೀನಾಗಳ ಪಟ್ಟಿ ಮಾಡಿ, ಪೆನಿನ್ಸುಲಾ ಕಡೆ ರೆಡ್‌ವುಡ್ ಸಿಟಿ, ಸ್ಯಾನ್ ಮಟೇಯೋದ ಕೊಯೋಟೀ ಪಾಯಿಂಟ್, ಆಯ್‌ಸ್ಟರ್ ಪಾಯಿಂಟ್, ಬ್ರಿಸ್ಬೇನ್, ಆಚೆ ದಡದಲ್ಲಿ ಸ್ಯಾನ್ ಲಿಯಾಂಡ್ರೋ ಬಿಟ್ಟು ಮೇಲಕ್ಕೆ ಅಲಮೀಡಾ, ಓಕ್ಲೆಂಡ್, ಎಮರಿವಿಲ್, ಬರ್ಕ್ಲಿ. ಒಂದೊಂದಕ್ಕೂ ಫೋನ್ ಮಾಡಿ ಕೇಳಿ: ಯಾವ ಉದ್ದದ ಸ್ಲಿಪ್ ಈಗ ಖಾಲಿ ಇದೆ, ಯಾವುದಕ್ಕೆ ವೇಟ್‌ಲಿಸ್ಟ್ ಇದೆ, ಒಂದು ಅಡಿ ಉದ್ದಕ್ಕೆ ಬಾಡಿಗೆ ಎಷ್ಟು, ಕಳೆದ ಸಲ ಯಾವಾಗ ಎಷ್ಟು ಏರಿಸಿದ್ರಿ.

ಈ ಕೊನೇ ಪ್ರಶ್ನೆ ಮರೀಬೇಡಿ. ಇವತ್ತಿನ ರೇಟಿಗಿಂತ ಅದು ಏರೋ ವೇಗ ಮುಖ್ಯ.

ಒಂದು ವಿಷ್ಯ ನಿಮ್ಗೇ ಗೊತ್ತಾಗತ್ತೆ. ಜಾಗ ಇಲ್ಲ ಅನ್ನೋದು ಎಲ್ಲಾ ಸೈಜಿಗೂ ಒಂದೇ ಥರ ಇಲ್ಲ. 40 ಅಡಿ ಮೇಲಿನವಕ್ಕೆ, ಮತ್ತೆ ಅಗಲ ಜಾಸ್ತಿ ಇರೋ ಕ್ಯಾಟಮರಾನ್‌ಗೆ ತುಂಬಾ ಕಷ್ಟ, 24ರಿಂದ 28 ಅಡಿ ಸ್ಲಿಪ್ಪು ಕೆಲವು ಕಡೆ ಫೋನ್ ಮಾಡಿದ ದಿನಾನೇ ಸಿಗ್ಬೋದು. ಆದ್ರೆ ಹಳೇ ಡಾಕ್ ಕಿತ್ತು ಹೊಸದು ಹಾಕುವಾಗ ಸಣ್ಣ ಸ್ಲಿಪ್ ತೆಗೆದು ಆ ಜಾಗದಲ್ಲಿ ದೊಡ್ಡವು ಮಾಡೋದು ನಡೀತಿರತ್ತೆ, ಯಾಕಂದ್ರೆ ದೊಡ್ಡ ಬೋಟಿನೋರು ಜಾಸ್ತಿ ಕೊಡ್ತಾರೆ. ಹಂಗಾಗಿ ಡಾಕ್ ಬದಲಾಯಿಸೋ ಪ್ಲ್ಯಾನ್ ಇದ್ಯಾ ಅಂತಾನೂ ಕೇಳ್ಕೊಳ್ಳಿ. ಯಾವ ಸೈಜಿನ ಜಾಗ ಸಿಗತ್ತೋ ಆ ಸೈಜಿನ ಬೋಟ್ ನೋಡಿ. 32 ಅಡಿ ಬೋಟ್ ಮನಸ್ಸಲ್ಲಿಟ್ಕೊಂಡು 28 ಅಡಿ ಜಾಗ ಹುಡುಕಿದ್ರೆ ಎರಡೂ ಆಗಲ್ಲ.

ಎರಡನೇದು: ವೇಟ್‌ಲಿಸ್ಟಲ್ಲಿ ಇವತ್ತೇ ಹೆಸರು ಬರ್ಸಿ, ಮೂರ್ನಾಲ್ಕು ಕಡೆ

ಬೋಟ್ ಇಲ್ದಿದ್ರೂ ಹೆಸರು ತಗೊಳ್ಳೋ ಮರೀನಾ ಬೇಕಷ್ಟಿವೆ. ಕೆಲವು ಕಡೆ ಫೀಸ್ ಇಲ್ಲ, ಕೆಲವು ಕಡೆ ಡೆಪಾಸಿಟ್, ಕೆಲವು ಕಡೆ ವರ್ಷ ವರ್ಷ ರಿನ್ಯೂ ಮಾಡ್ಬೇಕು, ರಿನ್ಯೂ ತಪ್ಪಿದ್ರೆ ಹೆಸರು ಹೋಗತ್ತೆ. ಸಾಂಟಾ ಕ್ರೂಸ್, ಮಾಂಟೆರೇ ಕಡೆ ಆಸೆ ಇದ್ರೆ ಹತ್ತು ವರ್ಷಕ್ಕೂ ಮೀರಿ ಕಾಯೋ ಲೆಕ್ಕ ಹಾಕ್ಕೊಂಡೇ ಹೆಸರು ಕೊಡಿ. ಮಕ್ಕಳು ಸಣ್ಣವ್ರಿರೋವಾಗ ಬರ್ಸಿದ್ರೆ ಅವ್ರು ಕಾಲೇಜಿಗೆ ಹೋಗೋ ಹೊತ್ತಿಗೆ ಸರದಿ ಬಂದವ್ರಿದ್ದಾರೆ.

ಬೋಟ್ ಜೊತೆ ಸ್ಲಿಪ್ ಬರತ್ತೆ ಅಂತ ಯಾರಾದ್ರೂ ಹೇಳಿದ್ರೆ ಅದು ಊರಿಂದ ಊರಿಗೆ ಬೇರೆ. ಸಾಂಟಾ ಬಾರ್ಬರಾ ಹಾರ್ಬರಲ್ಲಿ ಬೋಟ್ ಮಾರುವಾಗ ಸ್ಲಿಪ್ ಪರ್ಮಿಟ್‌ನೂ ಕೊಳ್ಳೋರ ಹೆಸರಿಗೆ ಮಾಡ್ಬೋದು, ಅದಕ್ಕೆ ಸಿಟಿಗೆ ಅಡಿ ಲೆಕ್ಕದಲ್ಲಿ ಟ್ರಾನ್ಸ್‌ಫರ್ ಫೀಸ್ ಕಟ್ಬೇಕು, ಅದಕ್ಕೇ ಅಲ್ಲಿ ಓಡದೇ ಇರೋ ಬೋಟಿಗೂ ಜಾಗದ ಸಲುವಾಗಿ ಹತ್ತಾರು ಸಾವಿರ ಡಾಲರ್ ಕೊಡ್ತಾರೆ. ಬೇಕಾದಷ್ಟು ಕಡೆ ಇದು ನಡೆಯಲ್ಲ. ಮಾರೋರ ಬಾಯಿಮಾತು ನಂಬ್ಬೇಡಿ, ಹಾರ್ಬರ್‌ಮಾಸ್ಟರ್ ಆಫೀಸಿಂದ ಈಮೇಲಲ್ಲಿ ಬರ್ಸ್ಕೊಳ್ಳಿ. ನಾನು ಆ ಒಂದು ಈಮೇಲ್ ಹಾಕಿದ್ದಿದ್ರೆ ಎರಡು ವರ್ಷದ ಓಡಾಟ ಉಳೀತಿತ್ತು.

ಮೂರನೇದು: ಟೇಪ್ ಹಿಡ್ದು ಅಳೀರಿ

ಕ್ಯಾಟಲೀನಾ 27 ಅಂದ್ರೆ 27 ಅಡಿ ಅಂತ ಎಲ್ರೂ ಅಂದ್ಕೊಳ್ತಾರೆ. ಕಂಪನಿ ಲೆಕ್ಕದಲ್ಲಿ ಅದು 26 ಅಡಿ 10 ಇಂಚು, ಅಗಲ 8 ಅಡಿ 10 ಇಂಚು, ಫಿನ್ ಕೀಲ್ ಇದ್ರೆ ನೀರೊಳಗೆ 4 ಅಡಿ. ಆದ್ರೆ ಮರೀನಾದವ್ರು ಅಳೆಯೋದು ಈ ತುದಿಯಿಂದ ಆ ತುದಿವರೆಗೆ ಏನೇನು ಚಾಚ್ಕೊಂಡಿದ್ಯೋ ಅಷ್ಟೂ ಸೇರಿಸಿ. ಮುಂದ್ಗಡೆ ಲಂಗರಿನ ರೋಲರ್ ಒಂದು ಅಡಿ ಮುಂದಿದೆ, ಹಿಂದ್ಗಡೆ ಔಟ್‌ಬೋರ್ಡ್ ಮೋಟರ್ ಮೇಲಕ್ಕೆತ್ತಿದ್ರೆ ಒಂದೂವರೆ ಅಡಿಗೂ ಜಾಸ್ತಿ ಹಿಂದೆ ಬರತ್ತೆ. ನಾನೂ ನನ್ನ ಹೆಂಡ್ತಿನೂ ಡಾಕ್ ಮೇಲೆ ಮಂಡಿಯೂರಿ ಎರಡು ಸಲ ಅಳೆದ್ವಿ, ಎರಡು ಸಲಾನೂ 29 ಅಡಿ 7 ಇಂಚು. ಮರೀನಾ ಹುಡುಗ ಬಂದು ಅವ್ನ ಟೇಪಲ್ಲಿ ಅಳೆದು "ಮೂವತ್ತು" ಅಂತ ಬರ್ಕೊಂಡ.

ಇಲ್ಲಿ ಇನ್ನೊಂದು ನಿಯಮ ನೋಡ್ಕೊಳ್ಳಿ, ಬೋಟ್ ಉದ್ದ, ಸ್ಲಿಪ್ ಉದ್ದ ಇವೆರಡರಲ್ಲಿ ಯಾವ್ದು ಜಾಸ್ತಿಯೋ ಅದಕ್ಕೆ ಬಾಡಿಗೆ. 27 ಅಡಿ ಬೋಟ್ ತಗೊಂಡು 34 ಅಡಿ ಸ್ಲಿಪ್ಪೇ ಸಿಕ್ತು ಅಂದ್ರೆ 34ಕ್ಕೇ ಕೊಡ್ಬೇಕು. ಮೋಟರ್ ಬ್ರ್ಯಾಕೆಟ್ಟು, ಡಿಂಗಿ ಅನ್ನೋ ಸಣ್ಣ ದೋಣಿ ನೇತುಹಾಕೋ ಡೇವಿಟ್ಟು, ಈಜೋಕೆ ಇಳಿಯೋ ಪ್ಲ್ಯಾಟ್‌ಫಾರ್ಮು ಇವೆಲ್ಲಾ ಬಿಚ್ಚಿಡೋಕಾದ್ರೆ ಮೊದ್ಲೇ ಬಿಚ್ಚಿ ಅಳಿಸಿ, ಅದು ನ್ಯಾಯವಾದ ಉಳಿತಾಯಾನೇ.

ನಾಲ್ಕನೇದು: ಪೂರ್ತಿ ಲೆಕ್ಕ ಕಾಗದದ ಮೇಲೆ ಹಾಕಿ

ಲೆಕ್ಕಕ್ಕೆ ಅಡಿಗೆ ತಿಂಗಳಿಗೆ 14 ಡಾಲರ್ ಅಂತ ಇಟ್ಕೊಳ್ಳಿ. 30 ಅಡಿಗೆ ತಿಂಗಳಿಗೆ 420, ವರ್ಷಕ್ಕೆ 5,040. ಅಂದ್ರೆ ನಾಲ್ಕು ಸಾವಿರದ ಬೋಟಿಗೆ ಮೊದಲ್ನೇ ವರ್ಷದ ಜಾಗದ ಬಾಡಿಗೇನೇ ಬೋಟಿಗಿಂತ ಜಾಸ್ತಿ. ವರ್ಷಕ್ಕೆ ಶೇಕಡಾ 5 ಏರಿದ್ರೆ ಹತ್ತು ವರ್ಷಕ್ಕೆ ಆ 420 ಹೋಗಿ 684 ಆಗತ್ತೆ. ನಿಮ್ಮ ಸಂಬಳ ಅಷ್ಟೇ ಏರ್ಬೋದು, ಏರದೇನೂ ಇರ್ಬೋದು.

ಇದರ ಮೇಲೆ ಕರೆಂಟು, ಕೆಲವು ಕಡೆ ಮೀಟರ್, ಕೆಲವು ಕಡೆ ತಿಂಗಳಿಗಿಷ್ಟು ಅಂತ. ಸಾಮಾನು ಇಡೋ ಡಾಕ್ ಬಾಕ್ಸ್ ಬಾಡಿಗೆ. ಗೇಟ್ ಕೀಗೆ ಡೆಪಾಸಿಟ್. ಇನ್ಶೂರೆನ್ಸ್. ಕ್ಯಾಲಿಫೋರ್ನಿಯಾದಲ್ಲಿ ಬೋಟಿಗೆ ಕೌಂಟಿಯವ್ರು ವರ್ಷ ವರ್ಷ ಪ್ರಾಪರ್ಟಿ ಟ್ಯಾಕ್ಸ್ ಹಾಕ್ತಾರೆ, ಬೆಲೆಯ ಶೇಕಡಾ ಒಂದಕ್ಕಿಂತ ಸ್ವಲ್ಪ ಮೇಲೆ, ಜನವರಿ 1ನೇ ತಾರೀಕಿಗೆ ಬೋಟ್ ಯಾರ ಹೆಸರಲ್ಲಿದ್ಯೋ ಅವ್ರಿಗೇ ಬಿಲ್ ಬರೋದು, ಜನವರಿ 5ಕ್ಕೆ ಮಾರಿದ್ರೂ ಆ ವರ್ಷದ್ದು ನಿಮ್ದೇ. ಸರ್ಕಾರಿ ಜಾಗದ ಮರೀನಾ ಆದ್ರೆ ಸ್ಲಿಪ್ ಬಳಸೋದಕ್ಕೇ ಬೇರೆ ಒಂದು ಟ್ಯಾಕ್ಸ್ ಬರ್ಬೋದು, ಪೊಸೆಸರಿ ಇಂಟರೆಸ್ಟ್ ಅಂತಾರೆ, ಆ ಹೆಸರಿನ ಲಕೋಟೆ ಮನೆಗೆ ಬಂದಾಗ ತುಂಬಾ ಜನ ಗಾಬರಿ ಬೀಳ್ತಾರೆ, ಮೊದ್ಲೇ ಕೇಳಿಟ್ಕೊಂಡ್ರೆ ಗಾಬರಿ ಇಲ್ಲ. ಆಮೇಲೆ ಉಪ್ಪುನೀರಲ್ಲಿ ನಿಂತ ಬೋಟಿಗೆ ತಳದಲ್ಲಿ ಪಾಚಿ, ಚಿಪ್ಪು ಹಿಡಿಯೋದು ನಿಲ್ಲಲ್ಲ, ಒಂದೆರಡು ತಿಂಗಳಿಗೊಮ್ಮೆ ಡೈವರ್ ಬಂದು ಉಜ್ಜಿ ಹೋಗ್ಬೇಕು, ಎರಡು ಮೂರು ವರ್ಷಕ್ಕೊಮ್ಮೆ ಮೇಲೆತ್ತಿ ಬಣ್ಣ ಹೊಡಿಸ್ಬೇಕು.

ಇದೆಲ್ಲಾ ಕೂಡಿಸಿದ್ಮೇಲೂ ತಿಂಗಳಿಗೆ ಎಷ್ಟು ಸಲ ಹೋಗ್ತೀರಿ ಅನ್ನೋದರಿಂದ ಭಾಗಿಸಿ ನೋಡಿ. ತಿಂಗಳಿಗೆ ಒಂದೇ ಸಲ ಅಂದ್ರೆ ಬಾಡಿಗೆಗೆ ತಗೊಂಡು ಓಡ್ಸೋದೇ ವಾಸಿ, ಇದನ್ನ ಮನಸ್ಸು ಗಟ್ಟಿ ಮಾಡ್ಕೊಂಡು ಒಪ್ಕೊಳ್ಳಿ.

ಐದನೇದು: ನೀರು ಇಳಿದಾಗ ಹೋಗಿ ಜಾಗ ನೋಡಿ

ಇದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಮರೀನಾದವ್ರು ನಿಮ್ಮನ್ನ ಕರ್ಕೊಂಡು ಹೋಗಿ ತೋರಿಸೋದು ಯಾವಾಗ್ಲೋ, ನೀವು ಕಷ್ಟ ಪಡೋದು ಇನ್ಯಾವಾಗ್ಲೋ. ಸೌತ್ ಬೇನಲ್ಲಿ ಉಬ್ಬರ ಇಳಿತದ ವ್ಯತ್ಯಾಸ ದೊಡ್ಡದು, ರೆಡ್‌ವುಡ್ ಸಿಟಿ ಹತ್ರ ಎಂಟು ಅಡಿ ಆಸುಪಾಸು. ಬೆಳಿಗ್ಗೆ ತುಂಬಿ ತುಳುಕ್ತಿರೋ ಸ್ಲಿಪ್ಪು ಮಧ್ಯಾಹ್ನ ಕೆಸರು ಗದ್ದೆ ಥರ ಕಾಣ್ಬೋದು. ಟೈಡ್ ಟೇಬಲ್ ನೋಡಿ, ಸೊನ್ನೆಗಿಂತ ಕೆಳಗೆ ಇಳಿಯೋ ದಿನ, ಮೈನಸ್ ಟೈಡ್ ಅಂತಾರಲ್ಲ, ಅವತ್ತು ಹೋಗಿ.

ನಮ್ಮೂರಲ್ಲಿ ಹಳೇ ಕಾಲದ ಮೀನುಗಾರ್ರು ಹಗ್ಗದ ತುದಿಗೆ ಈಯದ ಗುಂಡು ಕಟ್ಟಿ ಆಳ ನೋಡ್ತಿದ್ರು. ನಾನೂ ಅದನ್ನೇ ಮಾಡೋದು, ನೈಲಾನ್ ದಾರಕ್ಕೆ ಒಂದು ದಪ್ಪ ಬೋಲ್ಟ್ ಕಟ್ಟಿದೀನಿ, ಅಡಿಗೊಂದು ಗಂಟು. ಒಂದು ಮರೀನಾದಲ್ಲಿ, ಜಾಗ ಚೆನ್ನಾಗಿದೆ, ಆಫೀಸ್ ಹತ್ರ, ಬಾತ್‌ರೂಮ್ ಹೊಸದು, ರೇಟೂ ಕಮ್ಮಿ, ನಾನು ಸೈನ್ ಮಾಡೋನೇ ಇದ್ದೆ. ಮೈನಸ್ ಟೈಡ್ ದಿನ ಹೋಗಿ ದಾರ ಬಿಟ್ರೆ ಸ್ಲಿಪ್ ಬಾಯಲ್ಲಿ ಮೂರು ಗಂಟು ಒದ್ದೆ, ನಾಲ್ಕನೇ ಗಂಟು ಒಣಗಿತ್ತು. ಒಳಗಡೆ ಇನ್ನೂ ಕಮ್ಮಿ. ನನ್ನ ಕೀಲ್ ನಾಲ್ಕು ಅಡಿ. ಬೋಲ್ಟ್ ಮೇಲಕ್ಕೆ ಎಳೆದ್ರೆ ಅದಕ್ಕೆ ಅಂಟಿ ಬಂದ ಕೆಸರು ಬೆಣ್ಣೆ ಥರ ನುಣ್ಣಗೆ, ಕಪ್ಪಗೆ, ಕೊಳೆತ ಮೊಟ್ಟೆ ವಾಸನೆ. ಪಕ್ಕದ ಸ್ಲಿಪ್ಪಿನ ಬೋಟು ಸ್ವಲ್ಪ ವಾಲಿ ಕೂತಿತ್ತು. ಆಫೀಸಲ್ಲಿ ಕೇಳಿದ್ರೆ "ಮೆತ್ತನೆ ಕೆಸರು, ಏನೂ ಆಗಲ್ಲ, ಮುಂದಿನ ವರ್ಷ ಹೂಳು ತೆಗಿಸ್ತೀವಿ" ಅಂದ್ರು. ಮೆತ್ತನೆ ಕೆಸರಲ್ಲಿ ಕೂತ್ರೆ ಬೋಟಿಗೆ ಪೆಟ್ಟಾಗ್ದೇ ಇರ್ಬೋದು, ಆದ್ರೆ ನೀವು ಹೊರಗೆ ಹೋಗೋ ಟೈಮನ್ನ ನೀರೇ ನಿರ್ಧಾರ ಮಾಡತ್ತೆ, ಶನಿವಾರ ಬೆಳಿಗ್ಗೆ ಮಕ್ಕಳನ್ನ ಕರ್ಕೊಂಡು ಹೋದ್ರೆ ಮಧ್ಯಾಹ್ನ ಎರಡರವರೆಗೆ ಡಾಕ್ ಮೇಲೆ ಕೂತಿರ್ಬೇಕು. ನಾನು ಬೇಡ ಅಂದೆ.

ದಾರ ಬಿಟ್ಟಾದ್ಮೇಲೆ ಡಾಕ್ ನೋಡಿ. ಹಗ್ಗ ಕಟ್ಟೋ ಕ್ಲೀಟ್ ಕಾಲಲ್ಲಿ ಒದ್ದು ನೋಡಿ, ಅಲ್ಲಾಡಿದ್ರೆ ಕೆಳಗಿನ ಮರ ಕೊಳೆತಿರ್ಬೋದು. ಕರೆಂಟ್ ಪೆಟ್ಟಿಗೆ ಮುಚ್ಚಳ ಎತ್ತಿ 30 ಆಂಪ್ ಸಾಕೆಟ್ ಸುತ್ತ ಕಪ್ಪಗೆ ಸುಟ್ಟ ಗುರ್ತು ಇದ್ಯಾ ನೋಡಿ, ಇದ್ರೆ ಅಲ್ಲಿ ಬಿಸಿ ಆಗಿ ಕರಗಿದೆ, ಬೋಟ್‌ಗೆ ಬೆಂಕಿ ಹತ್ತೋದು ಹಿಂಗೇ. ಗಾಳಿ ಯಾವ ಕಡೆಯಿಂದ ಬೀಸತ್ತೆ ಅಂತ ಬೇಸಿಗೆ ಮಧ್ಯಾಹ್ನ ನಾಲ್ಕಕ್ಕೆ ಹೋಗಿ ನಿಂತು ನೋಡಿ, ಬರ್ಕ್ಲಿ ಕಡೆ ಗೋಲ್ಡನ್ ಗೇಟ್‌ನಿಂದ ನೇರ ಬರೋ ಪಡುವಣ ಗಾಳಿಗೆ ಹೊಸಬ್ರು ಬೋಟ್ ಒಳಗೆ ತರೋದು ಸುಲಭ ಅಲ್ಲ.

ಡಾಕ್ ಮೇಲೆ ಯಾರಾದ್ರೂ ಕೆಲಸ ಮಾಡ್ತಾ ಕೂತಿದ್ರೆ ನಿಂತು ಮಾತಾಡ್ಸಿ. ಆಫೀಸಲ್ಲಿ ಸಿಗದ ಮಾಹಿತಿ ಅಲ್ಲಿ ಸಿಗತ್ತೆ, ಯಾರು ಬಿಟ್ಟು ಹೋಗ್ತಿದ್ದಾರೆ, ಯಾವ ಡಾಕ್ ರಿಪೇರಿಗೆ ಬಂದಿದೆ, ಎಲ್ಲಾನೂ.

ಆರನೇದು: ಅಗ್ರಿಮೆಂಟ್ ಕೊನೇ ಪುಟದವರೆಗೆ ಓದಿ

ಸಾಧಾರಣವಾಗಿ ಇದು ತಿಂಗಳಿಂದ ತಿಂಗಳಿಗೆ ನಡಿಯೋ ಬಾಡಿಗೆ. ಮನೆ ಬಾಡಿಗೆಗಿರೋ ರಕ್ಷಣೆ ಇಲ್ಲಿರತ್ತೆ ಅಂದ್ಕೋಬೇಡಿ. 30 ದಿನ ನೋಟಿಸ್ ಕೊಟ್ಟು ರೇಟ್ ಏರಿಸ್ಬೋದು, ಬೇರೆ ಸ್ಲಿಪ್ಪಿಗೆ ಹೋಗಿ ಅನ್ಬೋದು. ಬಾಡಿಗೆ ಕಟ್ಟಿಲ್ಲ ಅಂದ್ರೆ ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ಬೋಟ್ ಮೇಲೇ ಲೀನ್, ಅಂದ್ರೆ ಬಾಕಿಗಾಗಿ ಹಕ್ಕು, ಹಾಕಿ ಮಾರೋ ದಾರಿ ಅವ್ರಿಗಿದೆ. ಸಬ್‌ಲೆಟ್ ಮಾಡ್ಬೋದಾ, ಪಾರ್ಟ್ನರ್ ಸೇರಿಸ್ಬೋದಾ, ಬೋಟ್ ಬದಲಾಯಿಸಿದ್ರೆ ಸ್ಲಿಪ್ ಉಳಿಯತ್ತಾ, ಈ ಮೂರೂ ಹುಡುಕಿ ಓದಿ.

ಬೋಟಲ್ಲೇ ವಾಸ ಮಾಡೋಣ, ಮನೆ ಬಾಡಿಗೆ ಉಳಿಯತ್ತೆ ಅಂತ ಲೆಕ್ಕ ಹಾಕೋರು ಇದ್ದಾರೆ. ಬಿಸಿಡಿಸಿ ನೀತಿ ಪ್ರಕಾರ ಮರೀನಾದ ಒಟ್ಟು ಸ್ಲಿಪ್ಪಲ್ಲಿ ಶೇಕಡಾ 10ಕ್ಕಿಂತ ಜಾಸ್ತಿ ವಾಸದ ಬೋಟ್ ಇರೋ ಹಂಗಿಲ್ಲ. ಆ ಹತ್ತರ ಒಳಗೆ ಬರೋಕೆ ಬೇರೇನೇ ವೇಟ್‌ಲಿಸ್ಟು, ಬೇರೇನೇ ಫೀಸು. ಹೇಳ್ದೆ ಕೇಳ್ದೆ ರಾತ್ರಿ ಮಲ್ಗೋದು ಬೇಡ, ಸಿಕ್ಕಿಬಿದ್ರೆ ಸ್ಲಿಪ್ಪೂ ಹೋಗತ್ತೆ, ಕಾನೂನಾಗಿ ಕಾಯ್ತಿರೋರಿಗೆ ಅನ್ಯಾಯಾನೂ ಆಗತ್ತೆ.

ಏಳನೇದು: ಒಂದು ಫೋಲ್ಡರ್ ರೆಡಿ ಇಟ್ಕೊಳ್ಳಿ

ಸರದಿ ಬಂದಾಗ ಮರೀನಾದವ್ರು ಫೋನ್ ಮಾಡ್ತಾರೆ, ಎರಡು ಮೂರು ದಿನ ಟೈಮ್ ಕೊಡ್ತಾರೆ, ಉತ್ತರ ಇಲ್ಲಾಂದ್ರೆ ಮುಂದಿನವ್ರಿಗೆ ಹೋಗತ್ತೆ. ಆಗ ಪೇಪರ್ ಹುಡುಕ್ತಾ ಕೂರೋಕಾಗಲ್ಲ. ಫೋನಲ್ಲಿ ಒಂದು ಫೋಲ್ಡರ್ ಮಾಡಿ ಇವಿಷ್ಟು ಹಾಕಿ: ಬೋಟಿನ ಡಿಎಂವಿ (ವಾಹನ ಇಲಾಖೆ) ರಿಜಿಸ್ಟ್ರೇಷನ್, ಇದು ಬೆಸ ಸಂಖ್ಯೆಯ ವರ್ಷದ ಡಿಸೆಂಬರ್ 31ಕ್ಕೆ ಮುಗಿಯತ್ತೆ, ಮರೀಬೇಡಿ. ಕ್ಯಾಲಿಫೋರ್ನಿಯಾ ಬೋಟರ್ ಕಾರ್ಡ್, 2025ರ ಜನವರಿಯಿಂದ ಮೋಟರ್ ಇರೋ ಬೋಟ್ ಓಡ್ಸೋರು ಯಾವ ವಯಸ್ಸಿನವ್ರೇ ಆಗ್ಲಿ ಇಟ್ಕೊಂಡಿರ್ಲೇಬೇಕು, 10 ಡಾಲರ್, ಒಂದ್ಸಲ ತಗೊಂಡ್ರೆ ಜೀವನಪೂರ್ತಿ. ಬೋಟಿನ ನಾಲ್ಕು ಕಡೆ ಫೋಟೋ, ಈ ತಿಂಗಳಲ್ಲಿ ತೆಗ್ದಿದ್ದು. ಮತ್ತೆ ಇನ್ಶೂರೆನ್ಸ್.

ಇನ್ಶೂರೆನ್ಸಲ್ಲೇ ತುಂಬಾ ಜನ ಸಿಕ್ಕಿಹಾಕ್ಕೊಳ್ಳೋದು. ಮೂರು ಲಕ್ಷ ಡಾಲರ್ ಲಯಬಿಲಿಟಿ ಕೇಳೋದು ಮಾಮೂಲು, ಕೆಲವರು ಇನ್ನೂ ಜಾಸ್ತಿ ಕೇಳ್ತಾರೆ, ಪಾಲಿಸಿಯಲ್ಲಿ ಮರೀನಾ ಹೆಸರನ್ನೂ ಸೇರಿಸ್ಬೇಕು. ನಲ್ವತ್ತು ವರ್ಷ ಹಳೇ ಬೋಟಿಗೆ ಕಂಪನಿಯವ್ರು ಸರ್ವೇ ರಿಪೋರ್ಟ್ (ಬೋಟ್ ಹೇಗಿದೆ ಅಂತ ತಜ್ಞರು ಪರೀಕ್ಷೆ ಮಾಡಿ ಕೊಡೋದು) ಇಲ್ದೆ ಪಾಲಿಸಿ ಕೊಡೋಕೆ ಹಿಂದೆ ಮುಂದೆ ನೋಡ್ತಾರೆ, ಸರ್ವೇಯರ್‌ದು ಅಡಿ ಲೆಕ್ಕದ ಫೀಸು, ಮೇಲೆತ್ತಿಸೋ ಖರ್ಚು ಬೇರೆ. ಬೋಟ್ ಕೊಳ್ಳೋ ಮುಂಚೆ ಹೇಗೂ ಸರ್ವೇ ಮಾಡಿಸ್ತೀರಲ್ಲ, ಅದನ್ನೇ ಇಟ್ಕೊಳ್ಳಿ. ಹಳೇ ಬೋಟುಗಳನ್ನ ತಗೊಳ್ಳೋದೇ ಇಲ್ಲ ಅನ್ನೋ ಮರೀನಾಗಳೂ ಇವೆ, ಎಂಜಿನ್ ಚಾಲೂ ಮಾಡಿ ಹೊರಗೆ ಹೋಗಿ ಬಂದು ತೋರಿಸಿ ಅನ್ನೋರೂ ಇದ್ದಾರೆ.

ಜಾಗ ಸಿಗ್ಲೇ ಇಲ್ಲಾಂದ್ರೆ

ಡೆಲ್ಟಾ ನಾನು ಮಾಡಿದ ದಾರಿ. ಬಾಡಿಗೆ ಕಮ್ಮಿ, ಸಿಹಿನೀರು, ಜನ ತುಂಬಾ ಒಳ್ಳೆಯವ್ರು, ಬೇಸಿಗೆ ಸೆಕೆ ಮಾತ್ರ ನಮ್ಮ ರಾಯಚೂರು ನೆನಪಾಗೋ ಅಷ್ಟು. ಆದ್ರೆ 2024ರ ಅಕ್ಟೋಬರಲ್ಲಿ ಸ್ಟಾಕ್ಟನ್ ಬಂದರಲ್ಲಿ ಗೋಲ್ಡನ್ ಮಸೆಲ್ ಅನ್ನೋ ಹೊರಗಿನ ಚಿಪ್ಪು ಸಿಕ್ಕಿದೆ, ಉತ್ತರ ಅಮೆರಿಕದಲ್ಲೇ ಮೊದಲ ಸಲ. ಅದು ಪೈಪು, ಎಂಜಿನ್, ಬೋಟಿನ ತಳ ಎಲ್ಲಾ ಕಡೆ ಅಂಟ್ಕೊಂಡು ಬೆಳೆಯತ್ತೆ. ಆಮೇಲಿಂದ ಬೇರೆ ಕೆರೆಗಳಿಗೆ ಬೋಟ್ ಇಳಿಸೋಕೆ ತಪಾಸಣೆ, ಕೆಲವು ಕಡೆ ಸೀಲ್ ಹಾಕಿ ದಿನಗಟ್ಟಲೆ ಒಣಗಿಸೋ ನಿಯಮ ಬಂದಿವೆ. ಟ್ರೇಲರ್ ಮೇಲೆ ಇಟ್ಕೊಂಡು ಎಲ್ಲಿ ಬೇಕಾದ್ರಲ್ಲಿ ಇಳಿಸ್ತೀನಿ ಅನ್ನೋ ಪ್ಲ್ಯಾನ್ ಇದ್ದೋರು ಇದನ್ನ ಮೊದ್ಲು ವಿಚಾರಿಸ್ಬೇಕು. ಟ್ರೇಲರ್ ದಾರಿ ಕೆಟ್ಟದಲ್ಲ, 22 ಅಡಿ ಒಳಗಿನ ಬೋಟಿಗೆ ಸ್ಲಿಪ್ಪೇ ಬೇಡ, ದಡದ ಮೇಲೆ ಇಡೋ ಡ್ರೈ ಸ್ಟೋರೇಜ್ ಸಾಕು.

ಇಬ್ರು ಮೂವರು ಸೇರಿ ಒಂದು ಬೋಟ್ ಇಟ್ಕೊಳ್ಳೋದು ನಂಗೆ ತುಂಬಾ ಇಷ್ಟದ ದಾರಿ. ಈಗಾಗ್ಲೇ ಸ್ಲಿಪ್ ಇರೋರ ಜೊತೆ ಸೇರಿದ್ರೆ ಜಾಗಾನೂ ಆಯ್ತು, ಆದ್ರೆ ಮರೀನಾದವ್ರಿಗೆ ಹೇಳಿ ಬರವಣಿಗೆಯಲ್ಲಿ ಮಾಡ್ಬೇಕು, ಕೆಲವು ಸರ್ಕಾರಿ ಹಾರ್ಬರಲ್ಲಿ ವೇಟ್‌ಲಿಸ್ಟ್ ತಪ್ಪಿಸೋಕೆ ಪಾರ್ಟ್ನರ್‌ಶಿಪ್ ಮಾಡೋರನ್ನ ತಡೆಯೋ ನಿಯಮಗಳಿವೆ. ಸ್ನೇಹ ಎಷ್ಟೇ ಗಟ್ಟಿ ಇದ್ರೂ ಯಾರ ಶನಿವಾರ ಯಾವ್ದು, ಹಾಯಿ ಹರಿದ್ರೆ ಯಾರು ಕೊಡ್ಬೇಕು, ಒಬ್ರು ಊರಿಗೆ ವಾಪಸ್ ಹೋದ್ರೆ ಅವ್ರ ಪಾಲು ಯಾರು ತಗೋಬೇಕು, ಇವೆಲ್ಲಾ ಬರೆದಿಡಿ.

ಬೋಟೇ ಇಲ್ದೆ ಹಾಯಿ ಕಲಿಬೇಕು ಅಂದ್ರೆ ಬರ್ಕ್ಲಿಯಲ್ಲಿ ಕ್ಯಾಲ್ ಸೈಲಿಂಗ್ ಕ್ಲಬ್ ಇದೆ, ಲಾಭಕ್ಕಲ್ಲ, ಸದಸ್ಯರೇ ವಾಲಂಟಿಯರ್ ಆಗಿ ನಡೆಸೋದು, ಮೂರು ತಿಂಗಳ ಮೆಂಬರ್‌ಶಿಪ್ಪಲ್ಲೇ ಕಲ್ಸಿಕೊಡ್ತಾರೆ. ಸ್ಲಿಪ್ಪಿಗೆ ಕಾಯೋ ವರ್ಷಗಳನ್ನ ಅಲ್ಲಿ ಕಳೆದ್ರೆ ಜಾಗ ಸಿಗೋ ಹೊತ್ತಿಗೆ ನೀವು ತಯಾರಾಗಿರ್ತೀರಿ.

ಎಲ್ಲೋ ಒಂದು ಕಡೆ ಲಂಗರು ಹಾಕಿ ಬಿಟ್ಬಿಡೋದು ಮಾತ್ರ ಬೇಡ. ಸಾಸಲೀಟೋ ಹತ್ರ ರಿಚರ್ಡ್‌ಸನ್ ಬೇಯಲ್ಲಿ ವರ್ಷಗಟ್ಟಲೆ ಹಂಗೇ ನಿಂತ ಬೋಟಿನ ಲಂಗರು ಸರಪಳಿ ತಳದ ಈಲ್‌ಗ್ರಾಸ್ ಹುಲ್ಲನ್ನ ಉಜ್ಜಿ ಬೋಳು ಮಾಡ್ತಿತ್ತು, ಹೆರಿಂಗ್ ಮೀನು ಆ ಹುಲ್ಲಲ್ಲಿ ಮೊಟ್ಟೆ ಇಡತ್ತೆ. 2021ರಲ್ಲಿ ಬಿಸಿಡಿಸಿ ಜೊತೆ ಆದ ಒಪ್ಪಂದದ ಪ್ರಕಾರ 2026ರ ಅಕ್ಟೋಬರ್ ಒಳಗೆ ಅವನ್ನೆಲ್ಲಾ ತೆರವು ಮಾಡೋ ಗುರಿ. ಆ ಬೋಟುಗಳಲ್ಲಿ ವಾಸ ಇದ್ದ ಬಡವ್ರ ಸಂಕಟ ದೊಡ್ಡದು, ಅದರ ಬಗ್ಗೆ ಬೇರೇನೇ ಬರೀಬೇಕು.

ಫ್ರೀ ಬೋಟ್ ಅಂತ ಕಂಡ್ರೆ ಒಂದು ಸಲ ಯೋಚ್ನೆ ಮಾಡಿ, ಸ್ಲಿಪ್ ಬಾಡಿಗೆ ಕಟ್ಟೋಕಾಗ್ದೆ ಕೊಡ್ತಿರ್ತಾರೆ, ಆ ಬಾಡಿಗೆ ನಿಮ್ಮ ತಲೆಗೆ ಬರತ್ತೆ. ಈಗಾಗ್ಲೇ ತಗೊಂಡು ಸಿಕ್ಕಿಹಾಕ್ಕೊಂಡಿದ್ರೆ ಕ್ಯಾಲಿಫೋರ್ನಿಯಾದಲ್ಲಿ ಬೇಡವಾದ ಹಳೇ ಬೋಟ್‌ನ ಖರ್ಚಿಲ್ದೆ ಒಪ್ಪಿಸೋ ವೆಸೆಲ್ ಟರ್ನ್-ಇನ್ ಪ್ರೋಗ್ರಾಂ ಇದೆ, ನಿಮ್ಮ ಊರಿನ ಪೊಲೀಸ್ ಇಲ್ಲ ಹಾರ್ಬರ್ ಆಫೀಸಲ್ಲಿ ಕೇಳಿ.

ಫೋನ್ ಬಂದ ದಿನ

ಮೂರು ವೇಟ್‌ಲಿಸ್ಟಲ್ಲಿದ್ದೆ ನಾನು. ಪ್ರತೀ ಎರಡು ತಿಂಗಳಿಗೊಮ್ಮೆ ಫೋನ್ ಮಾಡಿ, ನಾನಿನ್ನೂ ಕಾಯ್ತಿದೀನಿ ಅಂತ ಹೇಳ್ತಿದ್ದೆ, ಅದರಿಂದ ನಂಬರ್ ಮುಂದಕ್ಕೆ ಹೋಗಲ್ಲ, ಆದ್ರೆ ಆಫೀಸಲ್ಲಿರೋರಿಗೆ ನಿಮ್ಮ ದನಿ ಗುರ್ತಿರತ್ತೆ, ಫೋನ್ ಎತ್ತಿಲ್ಲ ಅಂದ್ರೆ ಇನ್ನೊಂದ್ಸಲ ಮಾಡೋ ಮನಸ್ಸು ಬರತ್ತೆ. 2023ರ ಜುಲೈಯಲ್ಲಿ ಊರಲ್ಲಿದ್ದೆ, ಜೋರು ಮಳೆ, ಸಂಜೆ ಗಂಗೊಳ್ಳಿ ದಕ್ಕೆ ಕಡೆ ಹೋಗಿ ಬಂದು ಊಟ ಮಾಡಿ ಮಲ್ಗಿದ್ದೆ. ರಾತ್ರಿ ಹನ್ನೊಂದಕ್ಕೆ ಫೋನು, ಅಲ್ಲಿ ಬೆಳಿಗ್ಗೆ ಹತ್ತೂವರೆ. ಮೊದಲ್ನೇ ಸಲ ಎತ್ತಿಲ್ಲ, ಎರಡನೇ ಸಲ ಎತ್ತಿದೆ. 30 ಅಡಿ ಸ್ಲಿಪ್ ಖಾಲಿ ಆಗಿದೆ, ಶುಕ್ರವಾರದೊಳಗೆ ಹೇಳಿ ಅಂದ್ಳು ಮರೀನಾ ಆಫೀಸಿನವ್ಳು. ಆ ಸ್ಲಿಪ್ ಇದ್ದ ಡಾಕಲ್ಲಿ ನಾನು ಹಿಂದಿನ ವರ್ಷ ಮೈನಸ್ ಟೈಡಲ್ಲೇ ದಾರ ಬಿಟ್ಟು ನೋಡಿದ್ದೆ, ಐದು ಗಂಟು ಪೂರ್ತಿ ಒದ್ದೆ ಆಗಿತ್ತು. ಕೂತಲ್ಲೇ ಹೂಂ ಅಂದೆ, ಫೋಲ್ಡರ್‌ನ ಈಮೇಲಲ್ಲಿ ಕಳ್ಸಿದೆ, ಡೆಪಾಸಿಟ್ ಕಾರ್ಡಲ್ಲಿ ಕಟ್ಟಿದೆ. ಅಮ್ಮ ಎದ್ದು ಬಂದು "ಇಷ್ಟ್ ಹೊತ್ತಿಗೆ ಎಂತದಾ ಮಾತು?" ಅಂತ ಕೇಳಿದ್ರು. ಬೋಟ್ ಕಟ್ಟುಕೆ ಜಾಗ ಸಿಕ್ತ್ ಅಮ್ಮಾ ಅಂದೆ.